ಗಾಳಿಗೆ ಎದುರಾಗಿ ಇಳಿಯುವ ವಿದ್ಯೆ

"ಗಾಳಿ ಬಂದಾಗ ತೂರಿಕೋ" ಎಂಬ ಗಾದೆಯನ್ನು ನಾವೆಲ್ಲ ಅವಕಾಶವನ್ನು ಬಳಸಿಕೊಳ್ಳಬೇಕೆಂಬ ಅರ್ಥದಲ್ಲಿ ಬಳಸುತ್ತೇವೆ. ಆದರೆ ಆ ಮಾತು ಹುಟ್ಟಿದ್ದು ಕಣದಲ್ಲಿ. ಮೊರವೆತ್ತಿ ಕಾಳು ತೂರುವ ರೈತನು ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಾನೆ. ಒಂದು ಹಿಡಿ ಹೊಟ್ಟನ್ನು ಮೇಲಕ್ಕೆ ಬಿಟ್ಟು ಪರೀಕ್ಷಿಸುತ್ತಾನೆ. ಗಾಳಿಯ ದಿಕ್ಕನ್ನು ತಪ್ಪಾಗಿ ತಿಳಿದವನ ಕಣ್ಣಿಗೇ ಹೊಟ್ಟು ಬೀಳುತ್ತದೆ. ಹೆಚ್ಚೆಂದರೆ ಅಷ್ಟೇ ನಷ್ಟ. ಎಂಜಿನ್ ಇಲ್ಲದ ವಿಮಾನವನ್ನು, ಅಂದರೆ ಗ್ಲೈಡರನ್ನು, ಆಕಾಶದಿಂದ ನೆಲಕ್ಕೆ ತರುವವನು ಇದೇ ತಪ್ಪು ಮಾಡಿದರೆ ತೆರಬೇಕಾದ ಬೆಲೆ ಬೇರೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ಪತ್ರ ಬರೆದು, "ಮೇಷ್ಟರೇ, ಬೆಂಗಳೂರಿಗೆ ಬರುವ ವಿಮಾನಗಳು ಕೆಲವು ತಿಂಗಳು ಪೂರ್ವದ ಕಡೆಯಿಂದ ಇಳಿಯುತ್ತವೆ, ಕೆಲವು ತಿಂಗಳು ಪಶ್ಚಿಮದಿಂದ. ಏಕೆ ಹೀಗೆ?" ಎಂದು ಕೇಳಿದರು. ಉತ್ತರ ಒಂದೇ ಸಾಲಿನದು: ವಿಮಾನಗಳು ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿ ಇಳಿಯುತ್ತವೆ, ಮುಂಗಾರಿನಲ್ಲಿ ನಮ್ಮಲ್ಲಿ ಪಶ್ಚಿಮದ ಗಾಳಿ, ಚಳಿಗಾಲದಲ್ಲಿ ಪೂರ್ವದ ಗಾಳಿ. ಅಲ್ಲಿನ ಓಡುಹಾದಿಗಳು ಪೂರ್ವ-ಪಶ್ಚಿಮವಾಗಿ ಮಲಗಿರುವುದೂ ಈ ಕಾರಣಕ್ಕೇ. ಆದರೆ ನಾನು ಇತಿಹಾಸದ ಮೇಷ್ಟರು. ಒಂದು ಸಾಲಿನ ಉತ್ತರದ ಹಿಂದೆ ಎಷ್ಟು ಜನರ ಬದುಕು ಅಡಗಿದೆ ಎಂದು ಹುಡುಕುವುದು ನನ್ನ ಹಳೆಯ ಚಾಳಿ. ಈ ಬಾರಿ ಆ ಹುಡುಕಾಟವನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ತತ್ತ್ವವನ್ನು ತಿಳಿಯೋಣ. ಹೊಳೆಯಲ್ಲಿ ಹರಿಗೋಲು ಹಾಕಿದವರಿಗೆ ಇದನ್ನು ವಿವರಿಸುವುದು ಸುಲಭ. ಹರಿಗೋಲಿಗೆ ಗೊತ್ತಿರುವುದು ನೀರು ಮಾತ್ರ. ದಡ ಎಷ್ಟು ಬೇಗ ಹಿಂದಕ್ಕೆ ಸರಿಯುತ್ತಿದೆ ಎಂಬುದು ಅದಕ್ಕೆ ತಿಳಿಯದು. ಹಾಗೆಯೇ ಗ್ಲೈಡರಿನ ರೆಕ್ಕೆಗೆ ಗೊತ್ತಿರುವುದು ಗಾಳಿ ಮಾತ್ರ. ರೆಕ್ಕೆಯ ಮೇಲೆ ಗಾಳಿ ಇಂತಿಷ್ಟು ವೇಗದಲ್ಲಿ ಹರಿಯುತ್ತಿದ್ದರೆ ಅದು ತೇಲುತ್ತದೆ, ಇಲ್ಲವಾದರೆ ಬೀಳುತ್ತದೆ. ಗಾಳಿಯಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿರುವ ಗ್ಲೈಡರೊಂದನ್ನು ಊಹಿಸಿಕೊಳ್ಳಿ. ಎದುರಿನಿಂದ 20 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ ಅದು ನೆಲವನ್ನು ಮುಟ್ಟುವಾಗ ನೆಲಕ್ಕೆ ಹೋಲಿಸಿದ ವೇಗ 70 ಮಾತ್ರ. ಅದೇ ಗಾಳಿ ಬೆನ್ನ ಹಿಂದಿನಿಂದ ಬಂದರೆ 110. ವ್ಯತ್ಯಾಸ ನಲವತ್ತೇ ಅಲ್ಲವೇ ಎನ್ನಬೇಡಿ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ನಿಮ್ಮ ವಿಜ್ಞಾನದ ಮೇಷ್ಟರು ಹೇಳಿಕೊಟ್ಟಿದ್ದರು. ಆ ಲೆಕ್ಕದಂತೆ ಎರಡನೆಯ ಗ್ಲೈಡರು ನೆಲ ಮುಟ್ಟುವಾಗ ಹೊತ್ತಿರುವ ಶಕ್ತಿ ಮೊದಲನೆಯದರ ಸುಮಾರು ಎರಡೂವರೆ ಪಟ್ಟು. ಅಷ್ಟನ್ನೂ ಚಕ್ರ, ನೆಲ, ಕೊನೆಗೆ ಚಾಲಕನ ಮೂಳೆಗಳು ತಾಳಿಕೊಳ್ಳಬೇಕು.

ಗಾಳಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ 30 ಮೀಟರ್ ಮುಂದೆ ಸಾಗಬಲ್ಲ ಗ್ಲೈಡರು ನಿಂತ ಗಾಳಿಯಲ್ಲಿ 300 ಮೀಟರ್ ಎತ್ತರದಿಂದ 9 ಕಿಲೋಮೀಟರ್ ಹೋಗುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದ ಆ ಗ್ಲೈಡರಿಗೆ 30 ಕಿಲೋಮೀಟರಿನ ಎದುರುಗಾಳಿ ಸಿಕ್ಕರೆ 6 ಕಿಲೋಮೀಟರಿಗೇ ನೆಲ ಬರುತ್ತದೆ. ಹಿಂಗಾಳಿ ಸಿಕ್ಕರೆ 12ರವರೆಗೆ ಓಡುತ್ತದೆ. ಎಂಜಿನ್ ಇದ್ದವನು ಈ ಕೊರತೆಯನ್ನು ಇಂಧನ ಸುಟ್ಟು ತುಂಬಿಕೊಳ್ಳುತ್ತಾನೆ. ಗ್ಲೈಡರಿನವನಿಗೆ ಎತ್ತರವೇ ಬಂಡವಾಳ. ಒಮ್ಮೆ ಖರ್ಚಾದರೆ ಮತ್ತೆ ಸಾಲ ಸಿಗುವುದಿಲ್ಲ.

ಈ ಪಾಠವನ್ನು ಮೊದಲು ಕ್ರಮಬದ್ಧವಾಗಿ ಕಲಿತವರು ಜರ್ಮನಿಯ ಓಟ್ಟೋ ಲಿಲಿಯೆಂಥಾಲ್. 1848ರಲ್ಲಿ ಆನ್‌ಕ್ಲಾಮ್ ಎಂಬ ಊರಿನಲ್ಲಿ ಹುಟ್ಟಿದ ಇವರು ವೃತ್ತಿಯಿಂದ ಎಂಜಿನಿಯರ್. ಬರ್ಲಿನ್ನಿನಲ್ಲಿ ಉಗಿಯಂತ್ರ ಮತ್ತು ಬಾಯ್ಲರ್‌ಗಳ ಕಾರ್ಖಾನೆ ನಡೆಸುತ್ತಿದ್ದರು. ಬಾಲ್ಯದಿಂದಲೂ ತಮ್ಮ ಗುಸ್ಟಾವ್‌ನೊಡನೆ ಕೊಕ್ಕರೆಗಳ ಹಾರಾಟವನ್ನು ನೋಡುತ್ತ ಬೆಳೆದವರು. ಹಕ್ಕಿಗಳ ಹಾರಾಟವನ್ನು ಕುರಿತ ತಮ್ಮ ಗ್ರಂಥವನ್ನು 1889ರಲ್ಲಿ ಪ್ರಕಟಿಸಿ, 1891ರಲ್ಲಿ ಪೋಟ್ಸ್‌ಡಾಮ್ ಸಮೀಪದ ಡೆರ್ವಿಟ್ಜ್ ಎಂಬಲ್ಲಿ ತಾವೇ ರೆಕ್ಕೆ ಕಟ್ಟಿಕೊಂಡು ದಿಬ್ಬದಿಂದ ಹಾರಿದರು. ಆಗ ಅವರು ಸಾಗಿದ್ದು ಸುಮಾರು 25 ಮೀಟರ್. ಮುಂದೆ ರೀನೋ ಬೆಟ್ಟಗಳಲ್ಲಿ ಆ ದೂರ 250 ಮೀಟರಿನವರೆಗೂ ಬೆಳೆಯಿತು.

ಲಿಲಿಯೆಂಥಾಲರಿಗೆ ಬೇಗನೆ ಒಂದು ವಿಷಯ ಅರ್ಥವಾಗಿತ್ತು. ಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮನುಷ್ಯನೂ ಹಾಗೆಯೇ ಮಾಡಬೇಕು. ಆದರೆ ಬೆಟ್ಟದ ಇಳಿಜಾರು ಒಂದೇ ಕಡೆಗೆ ಮುಖ ಮಾಡಿರುತ್ತದೆ, ಗಾಳಿಯಾದರೋ ದಿನಕ್ಕೊಂದು ದಿಕ್ಕಿನಿಂದ ಬರುತ್ತದೆ. ಇದಕ್ಕೆ ಅವರು ಕಂಡುಕೊಂಡ ಪರಿಹಾರ ಬಹಳ ಸರಳ. 1894ರಲ್ಲಿ ಬರ್ಲಿನ್ನಿನ ಲಿಖ್ಟರ್‌ಫೆಲ್ಡೆಯಲ್ಲಿ, ಇಟ್ಟಿಗೆ ಕಾರ್ಖಾನೆಯೊಂದರ ಮಣ್ಣನ್ನು ರಾಶಿ ಹಾಕಿಸಿ, ಸುಮಾರು 15 ಮೀಟರ್ ಎತ್ತರದ ಶಂಕುವಿನಾಕಾರದ ಗುಡ್ಡವೊಂದನ್ನು ಕಟ್ಟಿಸಿಬಿಟ್ಟರು! ನಮ್ಮ ಕಣದ ರಾಗಿ ರಾಶಿಯನ್ನು ನೆನೆಸಿಕೊಳ್ಳಿ, ಅದೇ ಆಕಾರ. ಗಾಳಿ ಯಾವ ದಿಕ್ಕಿನಿಂದ ಬಂದರೂ ಅದಕ್ಕೆದುರಾಗಿ ಓಡಿ ಹಾರಲು ಒಂದು ಇಳಿಜಾರು ಸಿದ್ಧ. ಗುಡ್ಡದ ತುದಿಯಲ್ಲಿಯೇ ಗ್ಲೈಡರುಗಳನ್ನು ಇಡಲು ಒಂದು ಮಾಡು. ಆ ಗುಡ್ಡ ಇಂದಿಗೂ ಸ್ಮಾರಕವಾಗಿ ಉಳಿದಿದೆ.

ಇಳಿಯುವ ಕಲೆಯಲ್ಲಿಯೂ ಅವರು ಹಕ್ಕಿಯ ಶಿಷ್ಯರೇ. ನೆಲ ಹತ್ತಿರವಾದಂತೆ ದೇಹದ ಭಾರವನ್ನು ಹಿಂದಕ್ಕೆ ಸರಿಸಿ, ರೆಕ್ಕೆಯ ಮುಂಭಾಗವನ್ನು ಎತ್ತಿ, ವೇಗವನ್ನೆಲ್ಲ ಕಳೆದುಕೊಂಡು ಕಾಲೂರುತ್ತಿದ್ದರು. ಎದುರುಗಾಳಿ ಇದ್ದಾಗ ಮಾತ್ರ ಇದು ಸುಗಮ. ಹೀಗೆ ಅವರು ಸುಮಾರು 2000 ಬಾರಿ ಹಾರಿ ಇಳಿದರೆಂದು ಲೆಕ್ಕ. 1896ರ ಆಗಸ್ಟ್ 9ರಂದು ಸ್ಟೋಲ್ನ್ ಹಳ್ಳಿಯ ಬಳಿಯ ಗೋಲೆನ್‌ಬರ್ಗ್ ಬೆಟ್ಟದಲ್ಲಿ, ಬಿಸಿಲಿನಿಂದ ಕಾದು ಮೇಲೇಳುವ ಗಾಳಿಯ ಹೊಡೆತಕ್ಕೆ ಸಿಲುಕಿ ಗ್ಲೈಡರಿನ ಮೂತಿ ಮೇಲೆದ್ದಿತು. ರೆಕ್ಕೆಯ ಮೇಲಿನ ಗಾಳಿಯ ಹರಿವು ಮುರಿದು, ಅವರು ಸುಮಾರು 15 ಮೀಟರ್ ಎತ್ತರದಿಂದ ಬಿದ್ದರು. ಬೆನ್ನುಮೂಳೆ ಮುರಿದಿತ್ತು. ಮರುದಿನ ಬರ್ಲಿನ್ನಿನಲ್ಲಿ ಪ್ರಾಣಬಿಟ್ಟರು. ದೇಹವನ್ನು ಅತ್ತಿತ್ತ ಓಲಾಡಿಸಿ ಗ್ಲೈಡರನ್ನು ನಿಯಂತ್ರಿಸುವ ವಿಧಾನಕ್ಕೆ ಗಾಳಿಯ ದಿಕ್ಕನ್ನು ಎದುರಿಸುವ ಶಕ್ತಿ ಇತ್ತು, ಅದರ ಹಠಾತ್ ಹೊಡೆತವನ್ನು ಎದುರಿಸುವ ವೇಗ ಇರಲಿಲ್ಲ.

ಆ ಸಾವಿನ ಸುದ್ದಿ ಅಟ್ಲಾಂಟಿಕ್ ದಾಟಿ ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಇಬ್ಬರು ಸಹೋದರರನ್ನು ಎಚ್ಚರಿಸಿತು. ವಿಲ್ಬರ್ ಮತ್ತು ಆರ್ವಿಲ್ ರೈಟ್ ಹೆಸರು ನಿಮ್ಮೆಲ್ಲರಿಗೂ ಗೊತ್ತು. ಆದರೆ ಪಠ್ಯಪುಸ್ತಕಗಳಲ್ಲಿ ಹೇಳದೆ ಬಿಟ್ಟ ಸಂಗತಿಯೊಂದಿದೆ. ಅವರು ಯಂತ್ರವನ್ನು ಪೂರ್ತಿಯಾಗಿ ಕಟ್ಟುವುದಕ್ಕೂ ಮೊದಲು ಗಾಳಿಯನ್ನು ಹುಡುಕಿದರು. ವಿಲ್ಬರ್ ಅಮೆರಿಕದ ಹವಾಮಾನ ಇಲಾಖೆಗೆ ಪತ್ರ ಬರೆದು ಎಲ್ಲೆಲ್ಲಿ ಎಷ್ಟೆಷ್ಟು ಗಾಳಿ ಬೀಸುತ್ತದೆಂಬ ದಾಖಲೆಗಳನ್ನು ತರಿಸಿಕೊಂಡರು. ಅವುಗಳ ಆಧಾರದ ಮೇಲೆ ಉತ್ತರ ಕೆರೊಲಿನಾದ ಕಡಲತೀರದ ಕಿಟಿ ಹಾಕ್ ಎಂಬ ಕುಗ್ರಾಮವನ್ನು ಆರಿಸಿಕೊಂಡರು. ಅಲ್ಲಿದ್ದದ್ದು ಬಿಡದೆ ಬೀಸುವ ಸಮುದ್ರದ ಗಾಳಿ, ಅಡ್ಡವಾಗಿ ನಿಲ್ಲದ ಬಯಲು, ಬಿದ್ದರೆ ಮೆತ್ತಗೆ ತಾಳಿಕೊಳ್ಳುವ ಮರಳು. ಇಳಿಯುವವನಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

1900 ಮತ್ತು 1901ರ ಗ್ಲೈಡರುಗಳು ಅವರ ನಿರೀಕ್ಷೆಯನ್ನು ಮುಟ್ಟಲಿಲ್ಲ. 1902ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಕಿಲ್ ಡೆವಿಲ್ ಬೆಟ್ಟಗಳೆಂಬ ಮರಳು ದಿಬ್ಬಗಳ ಮೇಲೆ ಮೂರನೆಯ ಗ್ಲೈಡರಿನಲ್ಲಿ ಸಾವಿರದಷ್ಟು ಸಲ ಹಾರಿದರು. ಅತ್ಯುತ್ತಮ ಹಾರಾಟ 622 ಅಡಿಗೂ ಹೆಚ್ಚು. ತೆಗೆದುಕೊಂಡ ಕಾಲ 26 ಸೆಕೆಂಡು. ಸಾವಿರ ಹಾರಾಟವೆಂದರೆ ಸಾವಿರ ಇಳಿತ. ಮುಂದಿನ ವರ್ಷ ಎಂಜಿನ್ ಕೂರಿಸುವ ಮೊದಲು ಅವರು ಇಳಿಯಲು ಕಲಿತಿದ್ದರು ಎಂಬುದನ್ನು ನಾನು ತರಗತಿಯಲ್ಲಿ ಒತ್ತಿ ಹೇಳುತ್ತಿದ್ದೆ. ಏರುವುದನ್ನು ಮಾತ್ರ ಕಲಿತು ಇಳಿಯುವುದನ್ನು ಕಲಿಯದವರ ಕಥೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ, ವಿಮಾನದಲ್ಲಿಯೂ, ರಾಜ್ಯಭಾರದಲ್ಲಿಯೂ.

1903ರ ಡಿಸೆಂಬರ್ 17ರ ಬೆಳಗ್ಗೆ ಗಂಟೆಗೆ 20ರಿಂದ 27 ಮೈಲಿ ವೇಗದ ಚಳಿಗಾಳಿ ಬೀಸುತ್ತಿತ್ತು. ಸಹೋದರರು ಮರದ ಹಳಿಯನ್ನು ಸಮತಟ್ಟು ನೆಲದ ಮೇಲೆ ಗಾಳಿಗೆದುರಾಗಿ ಹಾಸಿದರು. ಆರ್ವಿಲ್ ಅವರ ಆ ಪ್ರಸಿದ್ಧ ಮೊದಲ ಹಾರಾಟ 12 ಸೆಕೆಂಡುಗಳಲ್ಲಿ 120 ಅಡಿ. ಅಂದರೆ ಸೆಕೆಂಡಿಗೆ ಹತ್ತೇ ಅಡಿ. ಪಕ್ಕದಲ್ಲಿ ಒಬ್ಬ ಮನುಷ್ಯ ಓಡಿಕೊಂಡು ಹೋಗಬಹುದಾಗಿತ್ತು, ವಿಲ್ಬರ್ ಸ್ವಲ್ಪ ದೂರ ಹಾಗೆ ಓಡಿಯೂ ಇದ್ದರು. ಆದರೆ ರೆಕ್ಕೆಗಳ ಪಾಲಿಗೆ ಅದು ಗಂಟೆಗೆ ಮೂವತ್ತಕ್ಕೂ ಹೆಚ್ಚು ಮೈಲಿ. ಉಳಿದ ವೇಗವನ್ನು ಕೊಟ್ಟದ್ದು ಗಾಳಿ. ಅದೇ ದಿನ ನಾಲ್ಕನೆಯ ಹಾರಾಟ 852 ಅಡಿ ಸಾಗಿತು. ಅದಾದ ಸ್ವಲ್ಪ ಹೊತ್ತಿಗೆ, ನೆಲದ ಮೇಲೆ ನಿಂತಿದ್ದ ವಿಮಾನವನ್ನು ಒಂದು ಬೀಸುಗಾಳಿ ಎತ್ತಿ ಉರುಳಿಸಿ ಮುರಿದುಹಾಕಿತು. ಕೊಟ್ಟ ಕೈಯೇ ಕಿತ್ತುಕೊಂಡಿತ್ತು. ಮರುವರ್ಷ ಡೇಟನ್ ಬಳಿಯ ಹುಲ್ಲುಗಾವಲಿಗೆ ಬಂದಾಗ ಅಲ್ಲಿ ಅಷ್ಟು ಗಾಳಿ ಇಲ್ಲದ್ದರಿಂದ, ಎತ್ತರದ ಗೋಪುರದಿಂದ ಭಾರವನ್ನು ಬೀಳಿಸಿ ಹಗ್ಗದ ಮೂಲಕ ವಿಮಾನವನ್ನು ಎಳೆಯುವ ಏರ್ಪಾಟು ಮಾಡಿಕೊಳ್ಳಬೇಕಾಯಿತು. ಕಿಟಿ ಹಾಕ್‌ನ ಗಾಳಿ ಪುಕ್ಕಟೆಯಾಗಿ ಕೊಟ್ಟದ್ದರ ಬೆಲೆ ಆಗ ತಿಳಿದಿರಬೇಕು.

ಮೊದಲನೆಯ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದವು ಜರ್ಮನಿಯ ಎಂಜಿನ್ ವಿಮಾನಗಳಿಗೆ ಕಡಿವಾಣ ಹಾಕಿತು. ಅಲ್ಲಿನ ತರುಣರು ಗ್ಲೈಡರಿನ ಕಡೆ ತಿರುಗಿದರು. ರೋನ್ ಪ್ರದೇಶದ ವಾಸರ್‌ಕುಪೆ ಬೆಟ್ಟ, ಸುಮಾರು 950 ಮೀಟರ್ ಎತ್ತರದ್ದು, 1920ರಿಂದ ಅವರ ಸ್ಪರ್ಧಾಂಗಣವಾಯಿತು. ಆ ವರ್ಷ ಗೆದ್ದ ಹಾರಾಟ ಎರಡೂವರೆ ನಿಮಿಷವೂ ಇರಲಿಲ್ಲ. ಎರಡೇ ವರ್ಷಗಳಲ್ಲಿ, 1922ರ ಆಗಸ್ಟ್‌ನಲ್ಲಿ, ಆರ್ಥರ್ ಮಾರ್ಟೆನ್ಸ್ ಒಂದು ಗಂಟೆಗೂ ಹೆಚ್ಚು, ಅವರ ಹಿಂದೆಯೇ ಫ್ರಿಡ್ರಿಖ್ ಹೆಂಟ್ಜೆನ್ ಮೂರು ಗಂಟೆ ಗಾಳಿಯಲ್ಲಿ ತೇಲಿದರು. ಬೆಟ್ಟಕ್ಕೆ ಬಡಿದು ಮೇಲೇರುವ ಗಾಳಿ ಅವರನ್ನು ಎತ್ತಿ ಹಿಡಿದಿತ್ತು. ಅದೇ ಗಾಳಿ ಬೆಟ್ಟದ ಆಚೆ ಬದಿಯಲ್ಲಿ ಸುಳಿಸುಳಿಯಾಗಿ ಕೆಳಗಿಳಿಯುತ್ತದೆ. ಆ ಬದಿಗೆ ತಗ್ಗಿನಲ್ಲಿ ಸಿಕ್ಕಿಕೊಂಡವನಿಗೆ ಇಳಿಯುವ ಜಾಗವನ್ನು ಆರಿಸುವ ಅವಕಾಶವೇ ಇರುವುದಿಲ್ಲ.

ಇಂಥ ಅನುಭವಗಳಿಂದಲೇ ಇಳಿಯುವ ವಿಧಿವಿಧಾನಗಳು ರೂಪುಗೊಂಡವು. ಇಂದಿನ ಗ್ಲೈಡರ್ ಚಾಲಕನು ಮೊದಲು ಮೈದಾನದ ಗಾಳಿಚೀಲವನ್ನು ನೋಡುತ್ತಾನೆ. ಅದು ಕಾಣದಿದ್ದರೆ ಹೊಗೆ, ಒಣಗಲು ಹಾಕಿದ ಬಟ್ಟೆ, ಕೆರೆಯ ಅಲೆ, ಪೈರಿನ ಓಲಾಟ ಇವುಗಳಿಂದ ದಿಕ್ಕನ್ನು ಓದುತ್ತಾನೆ. ಬಳಿಕ ಮೈದಾನದ ಪಕ್ಕದಲ್ಲಿ ಗಾಳಿಯ ಜೊತೆಜೊತೆಗೇ ಸಾಗಿ, ಅಡ್ಡಲಾಗಿ ತಿರುಗಿ, ಕೊನೆಗೆ ಗಾಳಿಗೆ ಮುಖಮಾಡಿ ಇಳಿಯುತ್ತಾನೆ. ಗಾಳಿ ಜೋರಾಗಿದ್ದಷ್ಟೂ ಆ ತಿರುವನ್ನು ಬೇಗ ತೆಗೆದುಕೊಳ್ಳಬೇಕು; ದೂರ ಹೋದರೆ ಎದುರುಗಾಳಿಯಲ್ಲಿ ಮರಳಿ ಬರಲು ಎತ್ತರ ಸಾಲದು.

ಇಲ್ಲೊಂದು ಸೂಕ್ಷ್ಮವಿದೆ. ಮರ, ಮನೆ, ಹುಲ್ಲು ಎಲ್ಲವೂ ಗಾಳಿಯನ್ನು ತಡೆಯುವುದರಿಂದ ನೆಲದ ಬಳಿ ಗಾಳಿ ಮೇಲಿನಷ್ಟು ಜೋರಾಗಿರುವುದಿಲ್ಲ. ಎದುರುಗಾಳಿಯಲ್ಲಿ ಇಳಿಯುತ್ತಿರುವ ಗ್ಲೈಡರಿಗೆ ಕೊನೆಯ ಕೆಲವು ಮೀಟರುಗಳಲ್ಲಿ ಆ ಗಾಳಿಯ ಆಸರೆ ಇದ್ದಕ್ಕಿದ್ದಂತೆ ತಗ್ಗುತ್ತದೆ. ರೆಕ್ಕೆಯ ಮೇಲಿನ ಹರಿವು ಕ್ಷೀಣಿಸಿ ಧೊಪ್ಪನೆ ಬೀಳುವ ಅಪಾಯ. ಆದುದರಿಂದ ಗಾಳಿಯ ವೇಗದ ಅರ್ಧದಷ್ಟನ್ನು ತನ್ನ ಇಳಿಯುವ ವೇಗಕ್ಕೆ ಸೇರಿಸಿಕೊಂಡು ಬರಬೇಕೆಂದು ಗುರುಗಳು ಕಲಿಸುತ್ತಾರೆ. ನಿಧಾನವಾಗಿ ಇಳಿಯಬೇಕೆಂದರೆ ವೇಗವಾಗಿ ಬರಬೇಕು! ಬೆಟ್ಟದ ಇಳಿಜಾರಿನಲ್ಲಿ ಇಳಿಯುವಾಗಲಂತೂ ನಿಯಮವೇ ಬೇರೆ. ಬೆನ್ನ ಹಿಂದೆ ಗಾಳಿ ಇದ್ದರೂ ಏರಿನ ಕಡೆಗೇ ಇಳಿಯುವುದು ಕ್ಷೇಮ, ಏಕೆಂದರೆ ಇಳಿಜಾರಿನ ಕಡೆಗೆ ಇಳಿಯಹೊರಟ ಗ್ಲೈಡರಿನ ಕೆಳಗಿನಿಂದ ನೆಲವೇ ಸರಿದು ಹೋಗುತ್ತಿರುತ್ತದೆ.

ಇನ್ನು ಹೇಳುವ ಪ್ರಸಂಗ ದುಃಖದ್ದು. ಎರಡನೆಯ ಮಹಾಯುದ್ಧದಲ್ಲಿ, 1943ರ ಜುಲೈ 9ರ ರಾತ್ರಿ, ಮಿತ್ರಪಡೆಗಳು ಸಿಸಿಲಿ ದ್ವೀಪದ ಮೇಲೆ ದಾಳಿ ಆರಂಭಿಸಿದವು. ಸಿರಾಕ್ಯೂಸ್ ಪಟ್ಟಣದ ದಕ್ಷಿಣಕ್ಕಿರುವ ಪೊಂಟೆ ಗ್ರಾಂಡೆ ಎಂಬ ಸೇತುವೆಯನ್ನು ಹಿಡಿಯಲು ಬ್ರಿಟಿಷ್ ಸೈನಿಕರನ್ನು 144 ಗ್ಲೈಡರುಗಳಲ್ಲಿ ಕೂರಿಸಿ, ಟ್ಯುನೀಶಿಯಾದಿಂದ ವಿಮಾನಗಳು ಎಳೆದೊಯ್ದವು. ಗ್ಲೈಡರುಗಳ ಪೈಕಿ ಬಹುಪಾಲು ಅಮೆರಿಕದಲ್ಲಿ ತಯಾರಾದ ವಾಕೊಗಳು. ಅವುಗಳನ್ನು ನಡೆಸುವ ಬ್ರಿಟಿಷ್ ಚಾಲಕರಿಗೆ ಆ ಮಾದರಿಯಲ್ಲಿ ಸಿಕ್ಕ ಅಭ್ಯಾಸ ಬಹಳ ಕಡಿಮೆ. ರಾತ್ರಿಯ ಹೊತ್ತು. ಸಮುದ್ರದ ಮೇಲೆ ಬಿರುಗಾಳಿ.

ಗ್ಲೈಡರುಗಳನ್ನು ಕಡಲಿನ ಮೇಲೆ ಬಿಟ್ಟುಬಿಡಬೇಕು, ಅವು ತೇಲಿಕೊಂಡು ದಡ ದಾಟಿ ಗದ್ದೆಗಳಲ್ಲಿ ಇಳಿಯಬೇಕು ಎಂಬುದು ಯೋಜನೆ. ಆದರೆ ಗಾಳಿ ದ್ವೀಪದ ಕಡೆಯಿಂದ ಸಮುದ್ರಕ್ಕೆ, ಅಂದರೆ ಗ್ಲೈಡರುಗಳ ಮುಖಕ್ಕೆ ಬೀಸುತ್ತಿತ್ತು. ಲೆಕ್ಕ ಮಾಡಿ ನೋಡಿ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ತೇಲುತ್ತ, 500 ಮೀಟರ್ ಎತ್ತರದಿಂದ ನಿಂತ ಗಾಳಿಯಲ್ಲಿ 5 ಕಿಲೋಮೀಟರ್ ಹೋಗಬಲ್ಲ ಗ್ಲೈಡರಿಗೆ 50 ಕಿಲೋಮೀಟರಿನ ಎದುರುಗಾಳಿ ಸಿಕ್ಕರೆ ಅದು ಮೂರು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಕತ್ತಲೆಯಲ್ಲಿ ದಡದ ದೂರವನ್ನು ಅಂದಾಜು ಮಾಡಲಾಗದೆ, ವಿಮಾನವಿರೋಧಿ ಗುಂಡುಗಳಿಗೆ ಹೆದರಿ, ಎಳೆಯುವ ವಿಮಾನಗಳಲ್ಲಿ ಅನೇಕವು ಗ್ಲೈಡರುಗಳನ್ನು ಬೇಗನೆ ಕಳಚಿಬಿಟ್ಟವು. ಹೆಚ್ಚುಕಡಿಮೆ ಅರ್ಧದಷ್ಟು ಗ್ಲೈಡರುಗಳು ಸಮುದ್ರಕ್ಕೆ ಬಿದ್ದವು. ಸುಮಾರು 250 ಸೈನಿಕರು ಶತ್ರುವಿನ ಮುಖವನ್ನೇ ನೋಡದೆ ನೀರುಪಾಲಾದರು. ಗೊತ್ತುಮಾಡಿದ ಜಾಗದ ಸಮೀಪ ಇಳಿದ ಗ್ಲೈಡರುಗಳು ಬೆರಳೆಣಿಕೆಯಷ್ಟು. ಆದರೂ ನೂರಕ್ಕಿಂತ ಕಡಿಮೆ ಜನ ಆ ಸೇತುವೆಯನ್ನು ಹಿಡಿದು ಮರುದಿನ ಮಧ್ಯಾಹ್ನದವರೆಗೆ ಕಾದರು. ಕೈಬಿಟ್ಟ ಸೇತುವೆಯನ್ನು ಸಮುದ್ರಮಾರ್ಗವಾಗಿ ಬಂದ ಸೇನೆ ಮತ್ತೆ ವಶಪಡಿಸಿಕೊಂಡಿತು. ಯುದ್ಧದ ಚರಿತ್ರೆಯಲ್ಲಿ ಇದು ಯಶಸ್ಸೆಂದೇ ದಾಖಲಾಗಿದೆ. ಇತಿಹಾಸದ ಪುಸ್ತಕಗಳಲ್ಲಿ "ಹವಾಮಾನ ಪ್ರತಿಕೂಲವಾಗಿತ್ತು" ಎಂಬ ಎರಡು ಪದಗಳನ್ನು ಓದಿದಾಗಲೆಲ್ಲ ಈ ಇನ್ನೂರೈವತ್ತು ಮನೆಗಳನ್ನು ನೆನೆಯಬೇಕೆಂದು ನನಗೆ ಅನ್ನಿಸುತ್ತದೆ. ಗಾಳಿ ಶತ್ರುವಲ್ಲ. ಅದಕ್ಕೆ ಯಾರ ಪಕ್ಷವೂ ಇಲ್ಲ. ಅದು ಎದುರಿನಿಂದ ಬೀಸುತ್ತಿದೆ ಎಂದು ತಿಳಿದ ಮೇಲೂ ಲೆಕ್ಕವನ್ನು ತಿದ್ದದಿದ್ದಾಗ ಮಾತ್ರ ಜೀವಗಳು ಹೋಗುತ್ತವೆ.

ಯುದ್ಧ ಮುಗಿದು ನಾಲ್ಕು ದಶಕಗಳೊಳಗೆ ಗ್ಲೈಡರು ಬಾಹ್ಯಾಕಾಶದಿಂದಲೇ ಇಳಿಯತೊಡಗಿತು. 1981ರ ಏಪ್ರಿಲ್ 14ರಂದು ಅಮೆರಿಕದ ಕೊಲಂಬಿಯಾ ನೌಕೆ ಕ್ಯಾಲಿಫೋರ್ನಿಯಾದ ಒಣ ಸರೋವರವೊಂದರ ಮೇಲೆ ಎಂಜಿನ್ನಿನ ನೆರವಿಲ್ಲದೆ ಇಳಿಯಿತು. ಎರಡನೆಯ ಪ್ರಯತ್ನಕ್ಕೆ ಅವಕಾಶವಿಲ್ಲದ ಇಳಿತ ಅದು. 1982ರ ಮಾರ್ಚ್‌ನಲ್ಲಿ ಅದೇ ನೌಕೆ ತನ್ನ ಮೂರನೆಯ ಯಾತ್ರೆ ಮುಗಿಸಿ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಇಳಿಯಬೇಕಾಗಿದ್ದಾಗ, ಅಲ್ಲಿ ಮರಳು ಹಾರಿಸುವ ಗಾಳಿ ಎದ್ದದ್ದರಿಂದ ಯಾತ್ರಿಗಳು ಇನ್ನೊಂದು ದಿನ ಭೂಮಿಯನ್ನು ಸುತ್ತುತ್ತ ಕಾದರು. ಇಷ್ಟು ದೊಡ್ಡ ಯಂತ್ರವೂ ಗಾಳಿಯ ಅಪ್ಪಣೆಗೆ ಕಾಯಬೇಕಾಯಿತು. ಸಿಸಿಲಿಯಲ್ಲಿ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ.

ಈ ಕಥೆಯ ಇತ್ತೀಚಿನ ಅಧ್ಯಾಯ ನಮ್ಮ ನಾಡಿನಲ್ಲಿಯೇ ನಡೆದಿದೆ. ಚಿತ್ರದುರ್ಗ ಜಿಲ್ಲೆಯ ಗಾಳಿಯನ್ನು ನಾನು ನಿಮಗೆ ಬಣ್ಣಿಸಬೇಕಾಗಿಲ್ಲ. ಅಲ್ಲಿನ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ಅದೇ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋ ಸಂಸ್ಥೆಯು ಮರುಬಳಕೆಯ ರೆಕ್ಕೆಯುಳ್ಳ ವಾಹನವೊಂದನ್ನು ಇಳಿಸಿ ನೋಡಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಒಳಗೆ ಚಾಲಕನಿಲ್ಲ, ಎಂಜಿನ್ನಿನ ಬಲವಿಲ್ಲ. ತನ್ನ ಎತ್ತರ, ವೇಗ, ದಿಕ್ಕುಗಳನ್ನು ತಾನೇ ಅಳೆದು ಅದು ಓಡುಹಾದಿಗೆ ಬರಬೇಕು. ಮೊದಲ ಪರೀಕ್ಷೆ 2023ರ ಏಪ್ರಿಲ್ 2ರಂದು, ಎರಡನೆಯದು 2024ರ ಮಾರ್ಚ್ 22ರಂದು. ಆ ವಾಹನಕ್ಕೆ 'ಪುಷ್ಪಕ್' ಎಂದು ಹೆಸರು.

ಮೂರನೆಯ ಪರೀಕ್ಷೆಯನ್ನು 2024ರ ಜೂನ್ 23ರಂದು ಮಾಡಿದರು. ಜೂನ್ ಎಂದರೆ ನಮ್ಮಲ್ಲಿ ಮುಂಗಾರು ಗಾಳಿಯ ತಿಂಗಳು. ಈ ಸಲ ವಾಹನವನ್ನು ಓಡುಹಾದಿಯ ನೇರಕ್ಕೆ ಬಿಡದೆ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಹಿಂದಿನ ಬಾರಿ ಇದು 150 ಮೀಟರ್ ಮಾತ್ರ ಆಗಿತ್ತು. ಗಾಳಿಯೂ ಹಿಂದಿಗಿಂತ ತೀವ್ರವಾಗಿತ್ತು. ಪುಷ್ಪಕ್ ತನ್ನನ್ನು ತಾನೇ ತಿದ್ದಿಕೊಂಡು ಓಡುಹಾದಿಯ ನಡುಗೆರೆಗೆ ಬಂದು, ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿತು. ಹಿಂದಿನ ಛತ್ರಿ ಬಿಚ್ಚಿ ವೇಗ 100ರ ಹತ್ತಿರಕ್ಕೆ ಇಳಿದ ಮೇಲೆ ಚಕ್ರದ ಬ್ರೇಕುಗಳು ಕೆಲಸ ಮಾಡಿದವು. ಲಿಲಿಯೆಂಥಾಲ್ ಸೊಂಟ ಬಾಗಿಸಿ ಮಾಡುತ್ತಿದ್ದ ತಿದ್ದುಪಡಿಯನ್ನು ಈಗ ಗಣಕ ಕ್ಷಣಕ್ಕೆ ಹಲವು ಬಾರಿ ಮಾಡುತ್ತದೆ. ಪ್ರಶ್ನೆ ಮಾತ್ರ ಅದೇ ಹಳೆಯದು: ಗಾಳಿ ಎಲ್ಲಿಂದ, ಎಷ್ಟು ಜೋರು, ನನ್ನಲ್ಲಿ ಉಳಿದಿರುವ ಎತ್ತರ ಎಷ್ಟು?

ನಿಮ್ಮಲ್ಲಿ ಅನೇಕರು ಈಗ ದೇಶವಿದೇಶಗಳಲ್ಲಿದ್ದೀರಿ, ವರ್ಷಕ್ಕೆ ಹತ್ತಾರು ಬಾರಿ ವಿಮಾನದಲ್ಲಿ ಓಡಾಡುತ್ತೀರಿ. ವಿಮಾನ ಊರಿನ ಮೇಲೆ ಬಂದ ನಂತರವೂ ಸುತ್ತು ಹಾಕಿ ಆಚೆಯ ತುದಿಯಿಂದ ಇಳಿಯಲು ಹೊರಟರೆ ಬೇಸರಪಡಬೇಡಿ. ಆ ಹತ್ತು ನಿಮಿಷದ ಸುತ್ತಿನಲ್ಲಿ ನೂರಮೂವತ್ತು ವರ್ಷಗಳ ಪಾಠವಿದೆ. ಮೊಮ್ಮಕ್ಕಳು ಜೊತೆಗಿದ್ದರೆ ಕಿಟಕಿಯಿಂದ ಗಾಳಿಚೀಲವನ್ನು ತೋರಿಸಿ. ವಿಮಾನವೇ ಬೇಕೆಂದಿಲ್ಲ, ಮನೆಯ ತಾರಸಿಗೆ ಬಂದು ಕೂರುವ ಕಾಗೆಯನ್ನು ಗಮನಿಸಿದರೂ ಸಾಕು. ಗಾಳಿ ಜೋರಾಗಿರುವ ದಿನ ಅದು ಯಾವ ಕಡೆಗೆ ಮುಖ ಮಾಡಿ ಇಳಿಯಿತು ಎಂದು ನೋಡಿ ನನಗೆ ಬರೆಯಿರಿ. ಮಕ್ಕಳು ನೋಡಿ ಬರೆದರೆ ಇನ್ನೂ ಸಂತೋಷ.